ಪರದೆಯ ಮೇಲೆ ರಾಗಿಯ ವಂಶಾವಳಿ

ಮಂಡ್ಯ, ಮದ್ದೂರು, ಮಳವಳ್ಳಿ ಎಂದೊಡನೆ ನೆನಪಾಗುವುದು ವಿಶ್ವೇಶ್ವರಯ್ಯ ನಾಲೆ, ಅದರ ನೀರಿನಲ್ಲಿ ಬೆಳೆಯುವ ಭತ್ತ ಮತ್ತು ಕಬ್ಬು. ಆದರೆ ಅದೇ ನಾಲೆಯ ಹೆಸರು ಹೊತ್ತ ಮಂಡ್ಯದ ವಿ.ಸಿ. ಫಾರಂಗೆ ಕೀರ್ತಿ ತಂದುಕೊಟ್ಟದ್ದು ಮಳೆಯನ್ನೇ ನಂಬಿದ ರಾಗಿ.

ರಾಗಿಯ ಹೂವು ತೀರಾ ಸಣ್ಣದು; ತನ್ನ ಪರಾಗದಿಂದ ತಾನೇ ಕಾಳು ಕಟ್ಟುವಂಥದು. ಹೀಗಾಗಿ ಎರಡು ತಳಿಗಳನ್ನು ಬೆರೆಸುವುದು ಬಲು ಕಷ್ಟದ ಕೆಲಸ. ಅದನ್ನು ಸಾಧಿಸಿದವರು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದ ಸಿ.ಎಚ್. ಲಕ್ಷ್ಮಣಯ್ಯ. ಅರುಣ, ಉದಯ, ಪೂರ್ಣ, ಕಾವೇರಿ ತಳಿಗಳನ್ನು ಕೊಟ್ಟ ಬಳಿಕ ಅವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರ ಮಾಡಿದರು. ಇಂಡಿಯಾ, ಆಫ್ರಿಕಾ ಕೂಡಿ ‘ಇಂಡಾಫ್’ ಎಂಬ ಹೆಸರಾಯಿತು. 1970ರ ದಶಕದಲ್ಲಿ ಈ ತಳಿಗಳು ರೈತರ ಹೊಲ ತಲುಪಿದವು. ಯಾವ ಪೈರನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಗ ಹೇಳುತ್ತಿದ್ದುದು ಪಳಗಿದ ಕಣ್ಣು ಮತ್ತು ದಾಖಲೆ ಪುಸ್ತಕ.

ಇಂಡಾಫ್-5ರ ವಂಶದಲ್ಲಿ ಮುಂದೆ ಬಂದ ತಳಿ ಎಂಎಲ್-365. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ರಾಗಿಯ ಜೀನೋಮ್ ಇದೇ ತಳಿಯದು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಆ ಬರಹದ ಉದ್ದ ಸುಮಾರು 120 ಕೋಟಿ ಅಕ್ಷರ. ಪುಟಕ್ಕೆ ಎರಡು ಸಾವಿರ ಅಕ್ಷರದಂತೆ ಅಚ್ಚು ಹಾಕಿದರೆ ಆರು ಲಕ್ಷ ಪುಟ!

ಇದನ್ನು ಓದುವುದು ಹೇಗೆ? ಅದಕ್ಕೆಂದೇ ಹುಟ್ಟಿದ್ದು ಜೀನೋಮ್ ಬ್ರೌಸರ್. ಮನುಷ್ಯನ ಜೀನೋಮ್‌ಗಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಸ್ ಕೇಂದ್ರ 2000ದಲ್ಲಿ ಇಂಥದೊಂದನ್ನು ಅಂತರ್ಜಾಲದಲ್ಲಿ ತೆರೆಯಿತು. ಸಸ್ಯಗಳಿಗಾಗಿಯೇ ಇರುವ ಅಮೆರಿಕದ ಫೈಟೋಜೋಮ್ ತಾಣದಲ್ಲಿ ರಾಗಿಗೂ ಜಾಗವಿದೆ. ಅಲ್ಲಿರುವುದು 2023ರಲ್ಲಿ ಪ್ರಕಟವಾದ, ಕೆನ್ಯಾದ ತಳಿಯೊಂದರ ಜೀನೋಮ್.

ಇದು ಕೆಲಸ ಮಾಡುವ ಬಗೆ ಭೂಮಾಪನ ನಕ್ಷೆಯಂತೆ. ಜಿಲ್ಲೆಯಿಂದ ತಾಲ್ಲೂಕಿಗೆ, ಊರಿಗೆ, ಕೊನೆಗೆ ಸರ್ವೆ ನಂಬರಿಗೆ ಇಳಿದಂತೆ ಇಲ್ಲಿ ಇಡೀ ವರ್ಣತಂತುವಿನಿಂದ ಒಂದೇ ಅಕ್ಷರದವರೆಗೆ ಇಳಿಯಬಹುದು. ಮೇಲೆ ವರ್ಣತಂತುವಿನ ಗೆರೆ. ಅದರ ಕೆಳಗೆ ಸಾಲುಸಾಲಾಗಿ ಜೀನ್‌ಗಳ ಸ್ಥಾನ, ತಳಿತಳಿಗೂ ಬದಲಾಗುವ ಅಕ್ಷರಗಳು.

ರೈತನಿಗೆ ಇದರಿಂದೇನು ಲಾಭ? ಇಂಡಾಫ್ ತಳಿಗಳನ್ನು ಬೆಂಕಿ ರೋಗ ಕಾಡಿದಾಗ ರೋಗ ತಡೆಯುವ ಜಿಪಿಯು-28 ತಳಿ ಬಂದದ್ದು 1990ರ ದಶಕದಲ್ಲಿ. ಅದರ ವಂಶದಲ್ಲೂ ಇಂಡಾಫ್-5 ಇದೆ. ಅಂಥ ಗುಣಕ್ಕೆ ಕಾರಣವಾದ ಅಕ್ಷರದ ಗುರುತು ಸಿಕ್ಕರೆ ತೆನೆ ಬರುವವರೆಗೆ ಕಾಯಬೇಕಿಲ್ಲ. ಸಸಿಯ ಎಲೆಯನ್ನೇ ಪರೀಕ್ಷಿಸಿ ಆರಿಸಿಕೊಳ್ಳಬಹುದು.

ಆದರೆ ಪರದೆ ತೋರಿಸುವುದು ವ್ಯತ್ಯಾಸ ಎಲ್ಲಿದೆ ಎಂಬುದನ್ನು ಮಾತ್ರ. ಆ ವ್ಯತ್ಯಾಸ ಬರವನ್ನು ತಾಳುತ್ತದೆಯೇ, ರೋಗವನ್ನು ತಡೆಯುತ್ತದೆಯೇ ಎಂದು ಹೇಳಬೇಕಾದದ್ದು ಹೊಲವೇ. ಹೋಲಿಸಿ ನೋಡಲು ಹಳೆಯ ನಾಟಿ ತಳಿಗಳೂ ಉಳಿದಿರಬೇಕು. ಒಮ್ಮೆ ಕಳೆದುಹೋದ ಬೀಜದ ಅಕ್ಷರಗಳನ್ನು ಯಾವ ಕಂಪ್ಯೂಟರೂ ಹುಡುಕಿ ಕೊಡಲಾರದು.