ಎಣ್ಣೆಯಲ್ಲಿ ಸಿಕ್ಕ ಲೋಹದ ಚೂರು

ಉತ್ತರ ಸಮುದ್ರದ ತೈಲ ವೇದಿಕೆಗಳಲ್ಲಿ ದುಡಿಯುವವರಿಗೆ ಹೆಲಿಕಾಪ್ಟರ್ ಎಂದರೆ ನಮ್ಮ ಕಡೆಯ ಫ್ಯಾಕ್ಟರಿ ಬಸ್ಸು ಇದ್ದ ಹಾಗೆ. ಪಾಳಿ ಮುಗಿಯಿತೆಂದರೆ ಹತ್ತಿ ಕೂರುವುದು, ಅಬರ್ಡೀನಿನಲ್ಲಿ ಇಳಿಯುವುದು. 2009ರ ಏಪ್ರಿಲ್ 1ರಂದು ಮಿಲ್ಲರ್ ವೇದಿಕೆಯಿಂದ 14 ಮಂದಿ ಹಾಗೆಯೇ ಹೊರಟಿದ್ದರು. ಹವೆ ಚೆನ್ನಾಗಿತ್ತು. ಪೀಟರ್‌ಹೆಡ್ ಇನ್ನೂ 11 ನಾಟಿಕಲ್ ಮೈಲಿ ದೂರವಿರುವಾಗ ಸೂಪರ್ ಪೂಮಾದ ತಲೆಯ ಮೇಲಿನ ರೋಟರ್ ಇಡಿಯಾಗಿ ಕಳಚಿ, ಬಾಲವನ್ನು ಕತ್ತರಿಸಿತು. ಇಬ್ಬರು ಪೈಲಟ್‌ಗಳೂ ಸೇರಿ 16 ಜನ ಸತ್ತರು.

ಎಂಜಿನ್ನಿನ ಅತಿ ವೇಗವನ್ನು ರೋಟರಿಗೆ ತಕ್ಕಷ್ಟು ತಗ್ಗಿಸುವುದು ಗೇರ್‌ಬಾಕ್ಸಿನ ಕೆಲಸ. ಅದರೊಳಗೆ ನಡುವೆ ಒಂದು 'ಸೂರ್ಯ', ಸುತ್ತ ತಿರುಗುವ 'ಗ್ರಹ'ಗಳು, ಹೆಸರೇನೋ ಚೆಂದ. ಎರಡನೇ ಹಂತದ ಎಂಟು ಗ್ರಹಗಳಲ್ಲಿ ಒಂದು ಬಿರುಕುಬಿಟ್ಟು ಒಡೆದಿತ್ತು. ಆದರೆ ಈ ದುರಂತದ ನಿಜವಾದ ಕಥೆ ಇರುವುದು ಒಂದು ವಾರ ಹಿಂದೆ.

ಸವೆಯುತ್ತಿರುವ ಗೇರಿನಿಂದ ಲೋಹದ ಚೂರುಗಳು ಎಣ್ಣೆಗೆ ಉದುರುತ್ತವೆ. ಅವನ್ನು ಹಿಡಿಯಲೆಂದೇ ಅಲ್ಲೊಂದು ಮ್ಯಾಗ್ನೆಟ್ ಇರುತ್ತದೆ. ಮಾರ್ಚ್ 25ರಂದು ಅದಕ್ಕೆ ಒಂದು ಚೂರು ಅಂಟಿತ್ತು. ಯಂತ್ರ ತನ್ನ ಕಾಯಿಲೆಯನ್ನು ತಾನೇ ಹೇಳಿಕೊಂಡಿತ್ತು ಎನ್ನಬೇಕು. ಹೆಲಿಕಾಪ್ಟರ್ ನಡೆಸುವವರು ತಯಾರಕರೊಂದಿಗೆ ಫೋನಿನಲ್ಲಿ, ಇಮೇಲಿನಲ್ಲಿ ಮಾತಾಡಿದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿಯಾಗಿ ತಲುಪಲಿಲ್ಲ. ಆ ಭಾಗವನ್ನು ಬಿಚ್ಚಿ ನೋಡಲಿಲ್ಲ. ಮುಂದೆ 36 ಗಂಟೆ ಹಾರಾಟ. ಮತ್ತೆ ಯಾವ ಸೂಚನೆಯೂ ಸಿಗಲಿಲ್ಲ.

ಏಕೆ ಸಿಗಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಕಸಿವಿಸಿಯ ವಿಷಯ. ಚೂರುಗಳು ಕೆಳಗಿನ ಗೇರುಗಳಿಗೆ ಇಳಿದು ಹಾಳುಮಾಡದಿರಲೆಂದು ಒಳಗೆ ಮ್ಯಾಗ್ನೆಟ್‌ಗಳದೊಂದು ಉಂಗುರವನ್ನು ಕೂರಿಸಿದ್ದರು. ಚೂರುಗಳನ್ನು ತಡೆಯುವುದರ ಜೊತೆಗೆ ಅದು ಎಚ್ಚರಿಕೆಯನ್ನೂ ತಡೆಯುತ್ತಿತ್ತು! ಕಾವಲಿಗೆ ಇಟ್ಟದ್ದೇ ಕಣ್ಣಿಗೆ ಅಡ್ಡವಾಯಿತು ಎಂದು ಬ್ರಿಟನ್ನಿನ ತನಿಖೆ ಹೊರಗೆಡವಿತು. ಉಂಗುರವನ್ನು ತೆಗೆಸಿದರು, ತಪಾಸಣೆ ಬಿಗಿಯಾಯಿತು. ಚೂರು ಸಿಕ್ಕರೆ ಇನ್ನು ಯಾರೂ ಹಗುರವಾಗಿ ನೋಡುವಂತಿರಲಿಲ್ಲ.

2016ರ ಏಪ್ರಿಲ್ 29. ನಾರ್ವೆಯ ಗುಲ್‌ಫಾಕ್ಸ್ ಬಿ ವೇದಿಕೆಯಿಂದ ಬರ್ಗೆನ್‌ಗೆ ಬರುತ್ತಿದ್ದ ಅದೇ ಕುಟುಂಬದ ಇಸಿ225 ಹೆಲಿಕಾಪ್ಟರಿನ ರೋಟರ್ ತೂರೊಯ್ ದ್ವೀಪದ ಬಳಿ ಕಳಚಿತು. ಹೆಲಿಕಾಪ್ಟರ್ ಕೆಳಗೆ ಬಂಡೆಗೆ ಅಪ್ಪಳಿಸಿದ ಮೇಲೂ ರೋಟರೊಂದೇ ಗಾಳಿಯಲ್ಲಿ ಗಿರಗಿರನೆ ಸುತ್ತುತ್ತಾ ಇಳಿಯುವ ವಿಡಿಯೊ ಇದೆ. ನೋಡಿದವರು ಬೇಗ ಮರೆಯಲಾರರು. 13 ಮಂದಿ ಸತ್ತರು. ಈ ಸಲವೂ ಎರಡನೇ ಹಂತದ ಒಂದು ಗ್ರಹದ ಗೇರೇ.

ಚೂರಿನ ಪಾಠ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಗೇರಿನ ಮೇಲ್ಮೈಯ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಳಿಯಿಂದ ಹೊರಟ ಬಿರುಕು ಲೋಹದ ಒಳಗೊಳಗೇ ಬೆಳೆದಿತ್ತು ಎಂದು ನಾರ್ವೆಯ ತನಿಖಾಧಿಕಾರಿಗಳು 2018ರ ವರದಿಯಲ್ಲಿ ತೋರಿಸಿದರು. ಎಚ್ಚರಿಸುವಷ್ಟು ಚೂರು ಉದುರಿರಲೇ ಇಲ್ಲ. ಯಾರೋ ಅಸಡ್ಡೆ ಮಾಡಿದರು ಎಂದು ಬೊಟ್ಟು ಮಾಡುವಂತೆಯೂ ಇರಲಿಲ್ಲ. 2009ರ ಗೇರಿನ ಬಹುಭಾಗ ಸಿಕ್ಕಿದ್ದರೂ ಒಂದು ತುಂಡು ಸಮುದ್ರದಲ್ಲೇ ಉಳಿದಿತ್ತು, ಬಿರುಕು ಮೊದಲಾದ ಜಾಗ ಅದರಲ್ಲೇ ಇದ್ದಿರಬೇಕು.

2017ರ ಜುಲೈನಲ್ಲಿ ಬ್ರಿಟನ್, ನಾರ್ವೆ ಎರಡೂ ಹಾರಾಟದ ನಿಷೇಧವನ್ನು ತೆರವುಗೊಳಿಸಿದವು. ಅಷ್ಟರಲ್ಲಿ ಆ ಹೆಲಿಕಾಪ್ಟರ್ ಮತ್ತೆ ಬೇಡವೆಂದು ಸಾವಿರಾರು ಜನ ಸಹಿ ಹಾಕಿದ್ದರು. ಉತ್ತರ ಸಮುದ್ರದ ತೈಲ ಕಂಪನಿಗಳು ತಮ್ಮ ಕೆಲಸಗಾರರನ್ನು ಬೇರೆ ಮಾದರಿಯ ಹೆಲಿಕಾಪ್ಟರುಗಳಲ್ಲಿ ಕಳುಹಿಸತೊಡಗಿದವು.