ಒಂದು ಹೆಸರು, ಹಲವು ಜೀವಗಳು

ರಾಯಚೂರಿನ ಸುತ್ತಣ ಹತ್ತಿಹೊಲಗಳಲ್ಲಿ, ಮಾನ್ವಿಯಾಗಲಿ ದೇವದುರ್ಗವಾಗಲಿ, ಬಿಳಿನೊಣವನ್ನು ಅರಿಯದ ರೈತನಿಲ್ಲ. ಸುಮಾರು ಒಂದು ಮಿಲಿಮೀಟರ್ ಉದ್ದದ ಈ ಕೀಟ ಎಲೆಯಡಿ ಕುಳಿತು ರಸ ಹೀರುವುದಲ್ಲದೆ ಸಸ್ಯರೋಗದ ವೈರಸ್ಸುಗಳನ್ನೂ ಹೊತ್ತೊಯ್ಯುತ್ತದೆ. ನಾನು ಇಲ್ಲಿ ಹೇಳಹೊರಟಿರುವುದು ಅದರ ಹೆಸರಿನ ಚರಿತ್ರೆಯನ್ನು.

1889ರಲ್ಲಿ ಗೆನ್ನಾಡಿಯಸ್ ಎಂಬಾತನು ಗ್ರೀಸಿನ ತಂಬಾಕಿನ ಗಿಡದ ಮೇಲೆ ಇದನ್ನು ಕಂಡು ಹೆಸರಿಟ್ಟನು. ಇದರ ಕೋಶಗಳು ನುಣುಪಾದ ಎಲೆಯ ಮೇಲೆ ಒಂದು ರೂಪವನ್ನೂ ರೋಮವುಳ್ಳ ಎಲೆಯ ಮೇಲೆ ಮತ್ತೊಂದು ರೂಪವನ್ನೂ ತಾಳುತ್ತವೆ. ಹೀಗಾಗಿ ಒಂದೊಂದು ದೇಶದಲ್ಲಿ ಒಂದೊಂದು ಹೆಸರು ಹುಟ್ಟಿತು. 1957ರಲ್ಲಿ ಲೂಯಿಸ್ ರಸೆಲ್ ಎಂಬ ವಿದುಷಿ ಇಂಥ ಹಲವು ಹೆಸರುಗಳನ್ನು ಒಂದರಲ್ಲಿ ಅಡಗಿಸಿದರು. ಕಣ್ಣಿನ ಮಟ್ಟಿಗೆ ಅದು ನ್ಯಾಯವೇ ಆಗಿತ್ತು.

ಆದರೆ ನಮ್ಮ ನಾಡಿನಲ್ಲೇ, 1999ರಲ್ಲಿ, ಕೋಲಾರದ ಟೊಮೆಟೊ ಹೊಲಗಳಲ್ಲಿ ಬಿಳಿನೊಣವೂ ಎಲೆಮುಟುರು ರೋಗವೂ ಮಿತಿಮೀರಿದವು. ನೋಟಕ್ಕೆ ಹಳೆಯ ನೊಣವೇ. ಅದು ಹೊರನಾಡಿನಿಂದ ಬಂದ 'ಬಿ' ಬಗೆಯೆಂದು ಡಿ.ಎನ್.ಎ. ಪರೀಕ್ಷೆ ತೋರಿಸಿಕೊಟ್ಟಿತು. 2010ರಲ್ಲಿ ವಿಜ್ಞಾನಿಗಳು ಮೈಟೊಕಾಂಡ್ರಿಯದ ಒಂದು ಜೀನನ್ನು ಹೋಲಿಸಿ, ಶೇಕಡಾ 3.5ರ ಅಂತರವನ್ನು ಗಡಿಯಾಗಿಟ್ಟು, ಆ ಒಂದೇ ಹೆಸರಿನಡಿ ಕನಿಷ್ಠ 24 ಪ್ರಭೇದಗಳನ್ನು ಎಣಿಸಿದರು. ಹಲವನ್ನು ಒಂದು ಮಾಡಿದ ಶಾಸ್ತ್ರವೇ ಒಂದನ್ನು ಮತ್ತೆ ಹಲವಾಗಿ ಬಿಡಿಸಿತು.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಒಂದು ಬಗೆಗೆ ನಾಟುವ ಔಷಧಿ ಇನ್ನೊಂದಕ್ಕೆ ನಾಟದೆ ಹೋಗಬಹುದು; ಒಂದು ಸುಲಭವಾಗಿ ಹರಡುವ ವೈರಸ್ಸನ್ನು ಇನ್ನೊಂದು ಅಷ್ಟಾಗಿ ಹರಡದಿರಬಹುದು. ಸಾಲ ತಂದು ಔಷಧಿ ಹೊಡೆಯುವ ರೈತನಿಗೆ, ತನ್ನ ಹೊಲದ ನೊಣ ಯಾವುದೆಂಬುದು ಹೆಸರಿನ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.