ಮಡುವಿನ ಮೃಗ, ನೀರಿನ ಕಟ್ಟಳೆ

ಆಗ್ನೇಯ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಥೆಗಳಲ್ಲಿ ಬನಿಪ್ ಎಂಬ ಮೃಗವೊಂದಿದೆ. ಜೌಗಿನಲ್ಲಿ, ಆಳದ ಮಡುಗಳಲ್ಲಿ ಅಡಗಿದ್ದು ಮನುಷ್ಯರನ್ನು ನೀರಿಗೆಳೆದು ತಿನ್ನುವ ಪ್ರಾಣಿ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ನೆಲೆಸಿದ ಬಿಳಿಯರು ಅದನ್ನು ಹಿಡಿಯಲು ಹೊರಟರು. ಸಿಗದಿದ್ದಾಗ ಬರೀ ಮೂಢನಂಬಿಕೆ ಎಂದು ಕೈತೊಳೆದುಕೊಂಡರು. ಎರಡೂ ನಿಲುವುಗಳು ತಪ್ಪೆಂಬುದು ನನ್ನ ವಾದ. ನೀರಿನ ಬಳಿ ಹೇಗೆ ನಡೆದುಕೊಳ್ಳಬೇಕೆಂದು ಒಂದು ಸಮಾಜ ತನಗೆ ತಾನೇ ವಿಧಿಸಿಕೊಂಡ ಕಟ್ಟಳೆಯೇ ಬನಿಪ್.

ಇದಕ್ಕೆ ಬಲವಾದ ಸಾಕ್ಷ್ಯ ವಿಲಿಯಂ ಬಕ್ಲಿಯದು. ಸೆರೆಯಿಂದ ತಪ್ಪಿಸಿಕೊಂಡ ಈ ಇಂಗ್ಲಿಷ್ ಕೈದಿ 1803ರಿಂದ 1835ರವರೆಗೆ, ಇಂದಿನ ವಿಕ್ಟೋರಿಯಾದ ಜೀಲಾಂಗ್ ಸೀಮೆಯಲ್ಲಿ, ವಾಥರಾಂಗ್ ಜನರ ಆಸರೆಯಲ್ಲಿ ಬದುಕಿದ. 1852ರಲ್ಲಿ ಪ್ರಕಟವಾದ ಅವನ ಜೀವನಕಥೆಯಲ್ಲಿ ಹೀಗೊಂದು ಪ್ರಸಂಗವಿದೆ. ಒಂದು ಕುಟುಂಬಕ್ಕೆ ಹಾವುಮೀನುಗಳು ಎಂದೂ ಕಾಣದಷ್ಟು ಸಿಗತೊಡಗಿದವು. ಹೆಂಡತಿ ಹಿಡಿದು ಹಾಕುತ್ತಲೇ ಇದ್ದಳು, ಗಂಡ ಬಿಡಾರಕ್ಕೆ ಹೊರುತ್ತಲೇ ಇದ್ದ. ಅವನು ಅತ್ತ ಹೋದಾಗ ಬನಿಪ್ ಆಕೆಯನ್ನು ಹಿಡಿದುಬಿಟ್ಟಿತು. ಆಕೆ ಮೈಮರೆಯಲೆಂದೇ ಅದು ಅಷ್ಟು ಮೀನನ್ನು ಒಡ್ಡಿತ್ತು ಎಂದು ಜನ ನಂಬಿದ್ದರು. ಅದನ್ನು ತಾನು ಈಟಿಯಿಂದ ತಿವಿದು ಗಾಯಗೊಳಿಸಿದ್ದರೂ ಆ ಜನರಿಂದಲೇ ತನ್ನ ಜೀವಕ್ಕೆ ಕುತ್ತು ಬರುತ್ತಿತ್ತು ಎನ್ನುತ್ತಾನೆ ಬಕ್ಲಿ. ಅವನ ಮಾತನ್ನು ಬರಹಕ್ಕಿಳಿಸಿದವನು ಜಾನ್ ಮೋರ್ಗನ್. ಪುಸ್ತಕ ಮಾರಾಟವಾಗಲೆಂದು ಬಣ್ಣ ಹಚ್ಚಿರಬಾರದೇಕೆ ಎಂದು ಕೇಳಬಹುದು. ಬಣ್ಣ ಹಚ್ಚುವವನು ಮೃಗವನ್ನು ಭೀಕರವಾಗಿ ಚಿತ್ರಿಸುತ್ತಿದ್ದ. ಇಲ್ಲಿ ಬಕ್ಲಿ ಕಂಡದ್ದು ಬೂದುಗರಿಗಳಿಂದ ಮುಚ್ಚಿದಂತಿದ್ದ ಬೆನ್ನನ್ನು ಮಾತ್ರ. ತಲೆ ಬಾಲಗಳು ಅವನಿಗೆ ಕಾಣಲೇ ಇಲ್ಲ.

ವಲಸೆಗಾರರಿಗೆ ಬೇಕಾದದ್ದು ಆ ತಲೆ ಬಾಲಗಳೇ. 1845ರಲ್ಲಿ ‘ಜೀಲಾಂಗ್ ಅಡ್ವರ್ಟೈಸರ್’ ಪತ್ರಿಕೆ, ಸಿಕ್ಕಿದ್ದ ಮೂಳೆಯೊಂದನ್ನು ಮೂಲನಿವಾಸಿಗಳಿಗೆ ತೋರಿಸಿದಾಗ ದೊರೆತ, ಎಮುವಿನಂಥ ತಲೆ, ಮೊಸಳೆಯಂಥ ಮೈ, ಎದ್ದು ನಿಂತರೆ ಹನ್ನೆರಡು ಹದಿಮೂರು ಅಡಿ ಎತ್ತರ ಎಂಬ ವರ್ಣನೆ ಪ್ರಕಟಿಸಿತು. ಮುಂದೆ ಮುರುಂಬಿಜೀ ನದಿಯ ದಂಡೆಯಲ್ಲಿ ಸಿಕ್ಕಿದ ವಿಚಿತ್ರ ತಲೆಬುರುಡೆಯೊಂದನ್ನು 1847ರಲ್ಲಿ ಸಿಡ್ನಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಅದು ವಿಕಾರವಾಗಿ ಹುಟ್ಟಿದ ಕುದುರೆಮರಿಯದೆಂದು ಪ್ರಾಣಿತಜ್ಞ ಮಕ್ಲೇ, ಕರುವಿನದೆಂದು ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವನ್ ತೀರ್ಪು ಕೊಟ್ಟರು. 1878ರಲ್ಲಿ ಬ್ರೋ ಸ್ಮಿತ್ ಎಂಬ ವಿದ್ವಾಂಸ, ಭಯದಿಂದಾಗಿ ಈ ಜನ ಅದರ ರೂಪವನ್ನೇ ಸರಿಯಾಗಿ ಗಮನಿಸಿಲ್ಲ ಎಂದು ಬರೆದ. ಹೆಜ್ಜೆಗುರುತು ಹಿಡಿದು ಕಳ್ಳರನ್ನು ಪತ್ತೆ ಮಾಡಲು ವಸಾಹತಿನ ಪೊಲೀಸರು ನೆಚ್ಚಿಕೊಂಡಿದ್ದದ್ದು ಇದೇ ಜನರನ್ನು. ಅಂಥವರಿಗೆ ನೋಡಲು ಬರುತ್ತಿರಲಿಲ್ಲವೆಂದರೆ ಒಪ್ಪುವುದು ಹೇಗೆ? ರೂಪ ಊರಿಂದೂರಿಗೆ ಬದಲಾದರೂ ನೀರು, ಅಪಾಯ, ಎಚ್ಚರ ಮಾತ್ರ ಎಲ್ಲೆಡೆ ಉಳಿದವು. ಕಥೆಗೆ ಬೇಕಾಗಿದ್ದದ್ದು ಅಷ್ಟೇ.

ಅಳಿದುಹೋದ ದೈತ್ಯ ಪ್ರಾಣಿ ಡಿಪ್ರೊಟೊಡಾನ್‌ನ ನೆನಪು ಇದು ಎಂಬ ಊಹೆ 1871ರಷ್ಟು ಹಳೆಯದು. ಆದರೆ ಡಿಪ್ರೊಟೊಡಾನ್ ಸೊಪ್ಪುಸದೆ ಮೇಯುವ ಪ್ರಾಣಿ. ಮನುಷ್ಯರನ್ನು ನೀರಿಗೆಳೆಯುವ ಕಥೆ ಅದಕ್ಕೆ ಹೊಂದುವುದಿಲ್ಲ. ಇನ್ನು ಕೆಲವರು ಕಾರಣವೆಂದು ಮುಂದಿಡುವ, ಸಮುದ್ರದಿಂದ ಮರ್ರೀ ನದಿಯಲ್ಲಿ ಬಲುದೂರ ಈಜಿ ಬಂದ ಸೀಲ್‌ಗಳು, ರಾತ್ರಿ ಜೊಂಡಿನೊಳಗಿಂದ ಗುಟುರುಹಾಕುವ ಹಕ್ಕಿ ಇವು ಬಿಡಿ ಅನುಭವಗಳನ್ನು ವಿವರಿಸಿಯಾವು, ಮೃಗವನ್ನು ಮುಟ್ಟಬಾರದೆಂಬ ಕಟ್ಟಳೆಯನ್ನಲ್ಲ. ಹಾಗಾದರೆ ಇದು ನಮ್ಮ ಗುಮ್ಮನಂತೆ ಮಕ್ಕಳನ್ನು ಹೆದರಿಸುವ ಉಪಾಯವೇ? ಅದೂ ಹೌದು, ಆದರೆ ಅಷ್ಟೇ ಅಲ್ಲ. ಗುಮ್ಮನಿಗೆ ದೊಡ್ಡವರು ಹೆದರುವುದಿಲ್ಲ; ಬನಿಪ್ ಹಿಡಿದದ್ದು ಬುಟ್ಟಿ ತುಂಬಿದರೂ ಕೈ ನಿಲ್ಲಿಸದ ಗೃಹಿಣಿಯನ್ನು. ಸಿಕ್ಕಿತೆಂದು ಬಾಚಿಕೊಳ್ಳುತ್ತ ಹೋಗಬಾರದೆಂಬ ಮಾತನ್ನು ಇದಕ್ಕಿಂತ ಗಟ್ಟಿಯಾಗಿ ಹೇಳಲು ಸಾಧ್ಯವಿಲ್ಲ.

ಆ ಮಾತನ್ನು ವಲಸೆಗಾರರು ಕೇಳಿಸಿಕೊಳ್ಳಲಿಲ್ಲ. ಮೆಲ್ಬರ್ನ್‌ನ ಆಗ್ನೇಯಕ್ಕಿರುವ ಕೂ ವೀ ರಪ್ ಜೌಗುಭೂಮಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಸಿದು ಹೊಲ ಮಾಡಿದರು. ಅದಕ್ಕೆ ನೀರುಣಿಸುತ್ತಿದ್ದ ನದಿಯನ್ನು ನೇರ ಕಾಲುವೆಗೆ ತಿರುಗಿಸಿದರು. ಆ ನದಿಯ ಹೆಸರೇ ಬನಿಪ್. 1934ರ ಪ್ರವಾಹದಲ್ಲಿ ನೀರು ಕಾಲುವೆ ಮೀರಿ ಹರಿದು ಕೂ ವೀ ರಪ್ ಊರಿಗೇ ನುಗ್ಗಿತು.